ಉಲ್ಲೇಖಗಳ ಸಾಕ್ಷ್ಯ : ಪಂಚರತ್ನಂ ಅವರ 1956ರ ಪ್ರಬಂಧ

ವಿದ್ವಾಂಸನೊಬ್ಬನ ಸಂಶೋಧನೆಯನ್ನು ಅಳೆಯುವ ಬಗೆ ಯಾವುದೆಂಬ ಪ್ರಶ್ನೆ ಇಂದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಪದೇ ಪದೇ ಏಳುತ್ತಿದೆ. ಎಷ್ಟು ಪ್ರಬಂಧಗಳು ಅಚ್ಚಾದವು, ಅವನ್ನು ಇತರರು ಎಷ್ಟು ಬಾರಿ ಉಲ್ಲೇಖಿಸಿದರು ಎಂಬ ಲೆಕ್ಕವೇ ಇದಕ್ಕೆ ಉತ್ತರವೆಂದು ಹಲವರು ಭಾವಿಸಿದ್ದಾರೆ. ಈ ಲೆಕ್ಕವನ್ನು ಇತಿಹಾಸದ ಒಂದು ಆಕರವೆಂದು ಪರಿಗಣಿಸಿ, ಅದರ ಸಾಕ್ಷ್ಯ ಎಲ್ಲಿಯವರೆಗೆ ನಂಬಲರ್ಹವೆಂಬುದನ್ನು ಒಂದು ನಿದರ್ಶನದ ಮೂಲಕ ಪರೀಕ್ಷಿಸಲು ನಾವು ಇಲ್ಲಿ ಯತ್ನಿಸಿದ್ದೇವೆ.

ಈ ಬಗೆಯ ಲೆಕ್ಕದ ಚರಿತ್ರೆ ದೀರ್ಘವಾದುದಲ್ಲ. ವಿಜ್ಞಾನ ಪ್ರಬಂಧಗಳಿಗೆ ಉಲ್ಲೇಖಗಳ ಸೂಚಿಯೊಂದು ಬೇಕೆಂದು ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಸೂಚಿಸಿದರು. ಸೂಚಿಯ ಕ್ರಮಬದ್ಧ ಪ್ರಕಟಣೆ 1964ರಲ್ಲಿ ಮೊದಲಾಯಿತು. ಭೌತವಿಜ್ಞಾನಿ ಜಾರ್ಜ್ ಹಿರ್ಶ್ 2005ರಲ್ಲಿ ‘ಎಚ್’ ಎಂಬ ಅಂಕವನ್ನು ರೂಪಿಸಿದರು. ಒಬ್ಬನ ಪ್ರಬಂಧಗಳಲ್ಲಿ ಹತ್ತು ಪ್ರಬಂಧಗಳು ತಲಾ ಹತ್ತು ಬಾರಿಯಾದರೂ ಉಲ್ಲೇಖಗೊಂಡು, ಹನ್ನೊಂದಕ್ಕೆ ಅದೇ ನಿಯಮ ಸಲ್ಲದಿದ್ದರೆ ಅವನ ಅಂಕ ಹತ್ತು. ಬರೆದ ಪ್ರಬಂಧಗಳ ಸಂಖ್ಯೆಯನ್ನು ಈ ಅಂಕ ಎಂದಿಗೂ ಮೀರಲಾರದು. ಅಲ್ಪಾಯುವಾದ ವಿಜ್ಞಾನಿಗೆ ಇದರಿಂದ ನ್ಯಾಯ ದೊರೆಯುವುದು ಕಷ್ಟವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮ್ಮ ನಿದರ್ಶನವು ಅಂಥ ಅಲ್ಪಾಯುವಿನದೇ. ಎಸ್. ಪಂಚರತ್ನಂ ಅವರು 1934ರಲ್ಲಿ ಕಲ್ಕತ್ತೆಯಲ್ಲಿ ಜನಿಸಿದರು. ಸರ್ ಸಿ. ವಿ. ರಾಮನ್ ಅವರಿಗೆ ಸೋದರಮಾವ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸ್ಫಟಿಕಗಳ ಮೂಲಕ ಹಾಯುವ ಬೆಳಕನ್ನು ಕುರಿತು ಅಭ್ಯಾಸ ನಡೆಸಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಎಂದರೆ 1956ರಲ್ಲಿ, ವ್ಯತಿಕರಣದ ವ್ಯಾಪಕ ಸಿದ್ಧಾಂತವನ್ನು ಭಾರತೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟಿಸಿದರು. 1961ರಿಂದ 1964ರವರೆಗೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿದ್ದು, ಬಳಿಕ ಆಕ್ಸ್‌ಫರ್ಡಿಗೆ ತೆರಳಿ, 1969ರಲ್ಲಿ ಮೂವತ್ತೈದನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು.

ಆ ಪ್ರಬಂಧದ ತಿರುಳನ್ನು ಸರಳವಾಗಿ ಹೀಗೆ ಹೇಳಬಹುದು. ಧ್ರುವೀಕರಣದಲ್ಲಿ ಭಿನ್ನವಾದ ಎರಡು ಕಿರಣಗಳು ಕೂಡಿದಾಗ ತೀವ್ರತೆ ಗರಿಷ್ಠವಾಗುವುದಾದರೆ, ಅವು ಸಮಪ್ರಾವಸ್ಥೆಯಲ್ಲಿವೆ ಎನ್ನಬೇಕು. ಒಂದನೆಯದು ಎರಡನೆಯದರೊಡನೆ, ಎರಡನೆಯದು ಮೂರನೆಯದರೊಡನೆ ಸಮಪ್ರಾವಸ್ಥೆಯಲ್ಲಿದ್ದರೂ ಮೂರನೆಯದು ಒಂದನೆಯದರೊಡನೆ ಹಾಗಿರಬೇಕೆಂಬ ನಿಯಮವಿಲ್ಲ. ಉಳಿಯುವ ಅಂತರವು, ಧ್ರುವೀಕರಣದ ಸ್ಥಿತಿಗಳನ್ನು ಸೂಚಿಸುವ ಪ್ವಾಂಕಾರೆ ಗೋಳದ ಮೇಲೆ ಆ ಮೂರು ಬಿಂದುಗಳು ರಚಿಸುವ ತ್ರಿಕೋನದ ಘನಕೋನದಲ್ಲಿ ಅರ್ಧದಷ್ಟಿರುತ್ತದೆ.

ಈ ಫಲಿತಾಂಶದ ವ್ಯಾಪಕವಾದ ಅರ್ಥ ಸುಮಾರು ಮೂವತ್ತು ವರ್ಷ ಯಾರ ಗಮನಕ್ಕೂ ಬರಲಿಲ್ಲ. 1984ರಲ್ಲಿ ಬ್ರಿಸ್ಟಲ್ಲಿನ ಮೈಕೆಲ್ ಬೆರಿ ಅವರು ಕ್ವಾಂಟಂ ವ್ಯವಸ್ಥೆಯೊಂದನ್ನು ನಿಧಾನವಾಗಿ ಒಂದು ಸುತ್ತು ತಂದು ಮೊದಲಿನ ಸ್ಥಿತಿಗೆ ಸೇರಿಸಿದಾಗ, ಸುತ್ತಿದ ಹಾದಿಯ ರೇಖಾಗಣಿತವನ್ನೇ ಅವಲಂಬಿಸಿದ ಪ್ರಾವಸ್ಥೆಯೊಂದು ಉಳಿಯುತ್ತದೆಂದು ತೋರಿಸಿದರು. 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಇದಕ್ಕೆ ಪಂಚರತ್ನಂ ಅವರ ಕಾರ್ಯ ಪೂರ್ವನಿದರ್ಶನವೆಂದು ನಿರೂಪಿಸಿದರು. ಬೆರಿ ಅವರು 1987ರಲ್ಲಿ ಪ್ರಬಂಧವೊಂದನ್ನು ಬರೆದು ಈ ಹಿರಿತನವನ್ನು ಉದಾರವಾಗಿ ಒಪ್ಪಿದರು. ಮರುವರ್ಷ ರಾಮನ್ ಸಂಸ್ಥೆಯಲ್ಲಿಯೇ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯೆಲ್ ಅವರು ಲೇಸರ್ ಉಪಕರಣದಿಂದ ಈ ಪ್ರಾವಸ್ಥೆಯನ್ನು ಪ್ರಯೋಗತಃ ಕಂಡರು.

ಇಷ್ಟು ಕಾಲದ ಮೌನಕ್ಕೆ ಕಾರಣವೇನು? ಪ್ರಬಂಧ ದುರ್ಲಭವಾಗಿತ್ತೆನ್ನಲು ಬರುವುದಿಲ್ಲ. ಲೇಖಕರ ಸಮಗ್ರ ಬರಹಗಳನ್ನು ಆಕ್ಸ್‌ಫರ್ಡ್ ಮುದ್ರಣಾಲಯವೇ 1975ರಲ್ಲಿ ಹೊರತಂದಿತ್ತು. ಸ್ಫಟಿಕಗಳ ಬೆಳಕನ್ನು ಕುರಿತ ಬರಹದಲ್ಲಿ ಕ್ವಾಂಟಂ ಬಲವಿಜ್ಞಾನಕ್ಕೆ ಉತ್ತರವುಂಟೆಂದು ಯಾರೂ ಹುಡುಕಲಿಲ್ಲ. ಏಕೆಂದರೆ ಆ ಪ್ರಶ್ನೆಯೇ ಇನ್ನೂ ಹುಟ್ಟಿರಲಿಲ್ಲ. ತಮ್ಮ ಕೃತಿಯನ್ನು ತಾವೇ ನೆನಪಿಗೆ ತರಲು ಲೇಖಕರೂ ಬದುಕಿರಲಿಲ್ಲ. ಪ್ರಶ್ನೆ ಹುಟ್ಟಿದ ಮೇಲೂ ಉತ್ತರವನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು, ಎಂದರೆ ರಾಮಶೇಷನ್, ಪಂಚರತ್ನಂ ಅವರ ಅಣ್ಣನೇ ಆಗಿದ್ದರೆಂಬುದು ಗಮನಾರ್ಹ. ಯಾವ ಸೂಚಿಯೂ ಮಾಡದ ಕೆಲಸವನ್ನು ಬಲ್ಲವರ ನೆನಪು ಮಾಡಿತು.

ಶಾಸನಗಳನ್ನು ಓದುವವರಿಗೆ ಈ ಸಂಗತಿ ಹೊಸದಲ್ಲ. ಹಲ್ಮಿಡಿಯ ಕಲ್ಲು 1936ರಲ್ಲಿ ಎಂ. ಎಚ್. ಕೃಷ್ಣ ಅವರ ದೃಷ್ಟಿಗೆ ಬೀಳುವ ಮುನ್ನವೂ ಅದರ ಮೇಲಣ ಅಕ್ಷರಗಳು ಅವೇ ಆಗಿದ್ದವು. ಉಲ್ಲೇಖಗಳ ಪಟ್ಟಿ ಓದುಗರ ಚರಿತ್ರೆಯನ್ನು ಹೇಳುತ್ತದೆ. ಬರಹದ ಬೆಲೆಯನ್ನು ಹೇಳುವುದಿಲ್ಲ. ಹೆಸರೇ ಪಾರಿಭಾಷಿಕ ಪದವಾದಾಗ ಮೂಲ ಪ್ರಬಂಧವನ್ನು ಉಲ್ಲೇಖಿಸದೆ ಹೆಸರನ್ನಷ್ಟೇ ಬಳಸುವವರೂ ಉಂಟು ; ಅಲ್ಲಿಯೂ ಲೆಕ್ಕ ತಪ್ಪುತ್ತದೆ.

ಹಾಗೆಂದು ಉಲ್ಲೇಖ ಪಡೆಯದ ಬರಹಗಳೆಲ್ಲ ರತ್ನಗಳೆಂದು ನಾವು ವಾದಿಸುವುದಿಲ್ಲ. ಪ್ರಬಂಧವನ್ನು ಓದದೆ ಅಂಕವನ್ನು ಮಾತ್ರ ನೋಡಿ ತೀರ್ಪು ಕೊಡುವುದು ಆಕರವನ್ನು ವಿಮರ್ಶಿಸದೆ ಚರಿತ್ರೆಯನ್ನು ಬರೆದಂತೆ ಎಂಬುದಷ್ಟೇ ನಮ್ಮ ಅಭಿಪ್ರಾಯ. 1970ರಲ್ಲಿ ಅಂಥ ತೀರ್ಪನ್ನು ಕೊಟ್ಟಿದ್ದವನು ಪಂಚರತ್ನಂ ಅವರ ಈ ಪ್ರಬಂಧವನ್ನು ಕೈಬಿಡುತ್ತಿದ್ದನು. ಇಂದು ನಮ್ಮ ಕಿರಿಯ ಸಹೋದ್ಯೋಗಿಗಳ ಬರಹವನ್ನು ತೂಗುವಾಗ ಈ ಮಾತು ನಮ್ಮ ನೆನಪಿನಲ್ಲಿರುವುದು ಒಳಿತು.