ಬಿದ್ದ ಹಲ್ಲಿನ ಜಾಗಕ್ಕೆ ಯಾರ ಹಲ್ಲು?

ಒಂದು ಹಲ್ಲು ಬಿದ್ದರೆ ಹೋಗುವುದು ಅಗಿಯುವ ಶಕ್ತಿ ಮಾತ್ರವಲ್ಲ. ಮಾತಿನ ಸ್ಪಷ್ಟತೆ ಕೆಡುತ್ತದೆ, ನಾಲ್ವರ ಮುಂದೆ ನಗಲು ಸಂಕೋಚವಾಗುತ್ತದೆ. ಆದ್ದರಿಂದಲೇ ಆ ಜಾಗದಲ್ಲಿ ಇನ್ನೊಂದು ಹಲ್ಲನ್ನು ಕೂರಿಸುವ ಪ್ರಯತ್ನ ಬಹಳ ಹಳೆಯದು. ಎರಡು ಬದಿಯ ಹಲ್ಲುಗಳ ಆಧಾರದಲ್ಲಿ ನಡುವೆ ಬದಲಿ ಹಲ್ಲನ್ನು ನಿಲ್ಲಿಸುವ ವಿಧಾನವನ್ನು ಇಂದು ದಂತವೈದ್ಯರು ‘ಬ್ರಿಡ್ಜ್’ ಎನ್ನುತ್ತಾರೆ. ಆದರೆ ನಡುವಿನ ಹಲ್ಲು ಎಲ್ಲಿಂದ ಬರಬೇಕು? ಇತಿಹಾಸ ಕೊಟ್ಟ ಉತ್ತರಗಳೆಲ್ಲ ಹೆಮ್ಮೆಪಡುವಂಥವಲ್ಲ.

ಲೆಬನಾನಿನ ಪ್ರಾಚೀನ ನಗರ ಸಿಡೋನ್‌ನ ಸಮಾಧಿಯೊಂದರಲ್ಲಿ 1860ರ ದಶಕದಲ್ಲಿ ದವಡೆಯೊಂದು ದೊರೆಯಿತು. ಅದರ ಆರು ಮುಂಹಲ್ಲುಗಳನ್ನು ಚಿನ್ನದ ತಂತಿಯಿಂದ ಬಿಗಿಯಲಾಗಿತ್ತು. ಅವುಗಳಲ್ಲಿ ಎರಡು ಬೇರೊಬ್ಬರ ಹಲ್ಲುಗಳೆಂದು ಶೋಧಿಸಿದವರು ಅಭಿಪ್ರಾಯಪಟ್ಟರು. ಆ ಬೇರೊಬ್ಬರು ಯಾರು ಎಂಬುದಕ್ಕೆ ದಾಖಲೆಯಿಲ್ಲ.

ಹತ್ತನೇ ಶತಮಾನದ ಸ್ಪೇನ್‌ನಲ್ಲಿ ಇನ್ನೊಂದು ಉತ್ತರ ಕಾಣುತ್ತದೆ. ಕೊರ್ಡೋವಾ ಸಮೀಪದ ಮದೀನತುಝ್ಝಹ್ರಾದ ವೈದ್ಯ ಅಬುಲ್ ಖಾಸಿಮ್ ಅಝ್ಝಹ್ರಾವಿ ‘ಅತ್ತಸ್ರೀಫ್’ ಎಂಬ 30 ಭಾಗಗಳ ವೈದ್ಯಗ್ರಂಥ ರಚಿಸಿದರು. ಅದರ ಕೊನೆಯ ಭಾಗ ಶಸ್ತ್ರಚಿಕಿತ್ಸೆಗೆ ಮೀಸಲು. ಸಡಿಲವಾದ ಹಲ್ಲುಗಳನ್ನು ಗಟ್ಟಿ ಹಲ್ಲುಗಳ ಜೊತೆ ತಂತಿಯಿಂದ ಹೆಣೆಯುವ ಕ್ರಮವನ್ನು ಅವರು ಅಲ್ಲಿ ವಿವರಿಸುತ್ತಾರೆ. ಹಲ್ಲು ಬಿದ್ದುಹೋಗಿದ್ದರೆ ದನದ ಎಲುಬನ್ನು ಹಲ್ಲಿನಾಕಾರದಲ್ಲಿ ಕೆತ್ತಿ ಅದೇ ರೀತಿ ಕಟ್ಟಬಹುದು ಎನ್ನುತ್ತಾರೆ. ತಂತಿಗೆ ಬೆಳ್ಳಿಗಿಂತ ಚಿನ್ನ ಮೇಲು, ಏಕೆಂದರೆ ಬೆಳ್ಳಿ ಕೆಲವೇ ದಿನಗಳಲ್ಲಿ ಕೆಡುತ್ತದೆ.

ಪುರುಷರಿಗೆ ಚಿನ್ನ ಧರಿಸುವುದನ್ನು ಇಸ್ಲಾಮ್ ನಿಷೇಧಿಸಿದೆ. ಹಾಗಾದರೆ ಹಲ್ಲಿಗೆ ಚಿನ್ನ? ಕುಲಾಬ್ ಕಾಳಗದಲ್ಲಿ ಮೂಗು ಕಳೆದುಕೊಂಡಿದ್ದ ಅರ್ಫಜ ಎಂಬವರು ಬೆಳ್ಳಿಯ ಮೂಗು ಹಾಕಿಸಿಕೊಂಡಾಗ ಅದು ನಾರತೊಡಗಿತು. ಚಿನ್ನದ ಮೂಗು ಬಳಸುವಂತೆ ಪ್ರವಾದಿ(ಸ) ಅವರಿಗೆ ಹೇಳಿದರೆಂದು ಹದೀಸ್ ಇದೆ. ಇದೇ ಆಧಾರದಲ್ಲಿ ಅನೇಕ ವಿದ್ವಾಂಸರು ಹಲ್ಲು ಕಟ್ಟಲು ಚಿನ್ನವನ್ನು ಅನುಮತಿಸಿದರು. ಆಡಂಬರದ ಲೋಹ ಇಲ್ಲಿ ಅಗತ್ಯದ ಲೋಹವಾಯಿತು.

ಅಝ್ಝಹ್ರಾವಿಯವರ ಶಸ್ತ್ರಚಿಕಿತ್ಸಾ ಗ್ರಂಥ 12ನೇ ಶತಮಾನದಲ್ಲಿ ಲ್ಯಾಟಿನ್‌ಗೆ ಅನುವಾದಗೊಂಡು ಯುರೋಪಿನಲ್ಲಿ ಶತಮಾನಗಳ ಕಾಲ ಓದಲ್ಪಟ್ಟಿತು. ಆದರೂ 18ನೇ ಶತಮಾನದ ಲಂಡನ್ನಿನಲ್ಲಿ ಬಡವರ ಬಾಯಿಂದ ಹಲ್ಲು ಕಿತ್ತು ಸಿರಿವಂತರ ಬಾಯಿಗೆ ನಾಟುವ ಚಿಕಿತ್ಸೆ ನಡೆಯಿತು. ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಅದಕ್ಕೆ ಬೆಂಬಲವಾಗಿದ್ದರು. ವ್ಯಂಗ್ಯಚಿತ್ರಕಾರ ಥಾಮಸ್ ರೋಲೆಂಡ್ಸನ್ 1787ರಲ್ಲಿ ಈ ದೃಶ್ಯವನ್ನೇ ಚಿತ್ರಿಸಿದರು. 1815ರ ವಾಟರ್‌ಲೂ ಯುದ್ಧದ ಬಳಿಕ ಸತ್ತ ಸೈನಿಕರ ಹಲ್ಲುಗಳು ಕೃತಕ ದಂತಪಂಕ್ತಿ ತಯಾರಕರ ಕೈಸೇರಿದವು. ಅಂಥವಕ್ಕೆ ‘ವಾಟರ್‌ಲೂ ಹಲ್ಲು’ ಎಂಬ ಹೆಸರೇ ಬಂತು. ಪಿಂಗಾಣಿ ಹಲ್ಲುಗಳು ಸುಲಭವಾಗಿ ಸಿಗತೊಡಗಿದ ಮೇಲೆ ಈ ವ್ಯಾಪಾರ ನಿಂತಿತು.

ಇಂದಿನ ಬ್ರಿಡ್ಜ್‌ಗೆ ಯಾರ ಹಲ್ಲೂ ಬೇಕಿಲ್ಲ. ಪಿಂಗಾಣಿ, ಲೋಹ, ಝಿರ್ಕೋನಿಯಾ ಸಾಕು. ಆದರೆ ಸಾಮಾನ್ಯವಾಗಿ ಆಚೀಚೆಯ ಹಲ್ಲುಗಳನ್ನು ಉಜ್ಜಿ ಸಣ್ಣದಾಗಿಸಿ, ಅವುಗಳ ಮೇಲೆ ಕವಚ ತೊಡಿಸಬೇಕಾಗುತ್ತದೆ. ಹೀಗೆ ಒಂದು ಹಲ್ಲಿನ ಕೊರತೆ ತುಂಬಲು ಎರಡು ಆರೋಗ್ಯವಂತ ಹಲ್ಲುಗಳು ತಮ್ಮ ಮೈ ಸವೆಸಿಕೊಳ್ಳುತ್ತವೆ. ಅವು ದುರ್ಬಲವಾದರೆ ಬ್ರಿಡ್ಜ್ ಉಳಿಯದು. ನೆರೆಯ ಹಲ್ಲುಗಳನ್ನು ಮುಟ್ಟದೆ ದವಡೆಯೆಲುಬಿಗೇ ಟೈಟಾನಿಯಂ ಬೇರು ಕೂರಿಸುವ ಇಂಪ್ಲಾಂಟ್ ವಿಧಾನವನ್ನು ಸ್ವೀಡನ್ನಿನ ಬ್ರೊನೆಮಾರ್ಕ್ 1965ರಲ್ಲಿ ಮೊದಲ ಬಾರಿ ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಅದರ ಖರ್ಚು ಮಾತ್ರ ಎಲ್ಲರ ಕೈಗೆಟುಕುವಂಥದ್ದಲ್ಲ.

ಹೀಗಾಗಿ ಬಡವನಿಗೆ ಇಂದಿಗೂ ಸುಲಭವಾಗಿ ಸಿಗುವ ಚಿಕಿತ್ಸೆ ಹಲ್ಲು ಕೀಳಿಸುವುದೊಂದೇ. ಆದರೆ ಹಲ್ಲು ಕೀಳಲು ಆತುರಪಡಬೇಡಿ, ಅದಕ್ಕೆ ಸರಿಸಾಟಿಯಾದ ಬದಲಿಯಿಲ್ಲ ಎಂದು ಅಝ್ಝಹ್ರಾವಿ ಎಚ್ಚರಿಸಿದ್ದರು. ಕ್ಷೌರಿಕರು ಅವಸರದಲ್ಲಿ ನೋಯುವ ಹಲ್ಲನ್ನು ಬಿಟ್ಟು ಪಕ್ಕದ ಒಳ್ಳೆಯ ಹಲ್ಲನ್ನು ಕಿತ್ತದ್ದನ್ನು ಅವರು ಕಂಡಿದ್ದರು. ಎಲುಬಿನಿಂದ ಹಲ್ಲು ಕೆತ್ತಲು ಬಲ್ಲ ವೈದ್ಯನೇ ಮೊದಲು ಇರುವ ಹಲ್ಲನ್ನು ಉಳಿಸಿ ಎಂದದ್ದು ನಾವು ನೆನಪಿಡಬೇಕಾದ ಮಾತು.