ಬಾನುಲಿ ಬೆಳೆಸಿದ ಸೂಪರ್‌ಮ್ಯಾನ್



ನೀಲಿ ಉಡುಪು, ಬೆನ್ನಿಗೆ ಕೆಂಪು ಹೊದಿಕೆ, ಎದೆಯ ಮೇಲೆ ಇಂಗ್ಲಿಷಿನ 'ಎಸ್' ಅಕ್ಷರ. ಸೂಪರ್‌ಮ್ಯಾನ್‌ನನ್ನು ನಿಮ್ಮ ಮನೆಯ ಮಕ್ಕಳು ದೂರದಿಂದಲೇ ಗುರುತಿಸುತ್ತಾರೆ. ಅವನನ್ನು ಹುಟ್ಟಿಸಿದವರು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಇಬ್ಬರು ಗೆಳೆಯರು. ಕಥೆ ಜೆರ್ರಿ ಸೀಗಲ್ ಅವರದು, ಚಿತ್ರ ಜೋ ಶೂಸ್ಟರ್ ಅವರದು. ಇಬ್ಬರೂ ಯೂರೋಪಿನಿಂದ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಒಂದೇ ಹೈಸ್ಕೂಲಿನಲ್ಲಿ ಓದಿದವರು.

1938ರಲ್ಲಿ 'ಆಕ್ಷನ್ ಕಾಮಿಕ್ಸ್'ನ ಮೊದಲ ಸಂಚಿಕೆಯಲ್ಲಿ ಈ ನಾಯಕ ಕಾಣಿಸಿಕೊಂಡ. ಅಳಿದುಹೋದ ದೂರದ ಗ್ರಹವೊಂದರಿಂದ ಭೂಮಿಗೆ ಬಂದ ಕೂಸು ಅವನು. ಜನರ ನಡುವೆ ಅವನು ಸಂಕೋಚದ ಪತ್ರಕರ್ತ ಕ್ಲಾರ್ಕ್ ಕೆಂಟ್.

ಆದರೆ ಆಗ ಅವನಿಗೆ ಹಾರಲು ಬರುತ್ತಿರಲಿಲ್ಲ! ಒಂದೇ ನೆಗೆತಕ್ಕೆ ಮೈಲಿಯ ಎಂಟನೇ ಒಂದು ಪಾಲು, ಅಂದರೆ ಸುಮಾರು 200 ಮೀಟರ್ ಜಿಗಿಯುತ್ತಿದ್ದ. ಎಕ್ಸ್‌ಪ್ರೆಸ್ ರೈಲನ್ನು ಓಟದಲ್ಲಿ ಹಿಂದೆ ಹಾಕುತ್ತಿದ್ದ. ಸಿಡಿಗುಂಡಿಗಿಂತ ಕಡಿಮೆಯದು ಯಾವುದೂ ಅವನ ಚರ್ಮವನ್ನು ಸೀಳುತ್ತಿರಲಿಲ್ಲ.

1940ರ ಫೆಬ್ರವರಿಯಲ್ಲಿ ಅವನು ರೇಡಿಯೋಗೆ ಬಂದ. ಕಣ್ಣಿಗೆ ಕಾಣದ ಹಾರಾಟವನ್ನು ಗಾಳಿಯ ಸದ್ದಿನಿಂದಲೂ ಒಂದು ಕೂಗಿನಿಂದಲೂ ಮನೆ ಮನೆಗೆ ಮುಟ್ಟಿಸಿದರು. ಅವನನ್ನು ನಿತ್ರಾಣಗೊಳಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು ಕೂಡ 1943ರಲ್ಲಿ ಮೊದಲು ಕೇಳಿಬಂದದ್ದು ರೇಡಿಯೋದಲ್ಲೇ. ಕಾಮಿಕ್ಸ್ ಪುಟಕ್ಕೆ ಅದು ಬಂದದ್ದು 1949ರಲ್ಲಿ.

1946ರಲ್ಲಿ ಈ ಧಾರಾವಾಹಿ ದೊಡ್ಡದೊಂದು ಕೆಲಸ ಮಾಡಿತು. ನಗರಕ್ಕೆ ಹೊಸದಾಗಿ ಬಂದ ಚೀನೀ ಮೂಲದ ಕುಟುಂಬವೊಂದನ್ನು ಮುಖವಾಡ ತೊಟ್ಟ ದ್ವೇಷಿಗಳ ಕೂಟ ಹೆದರಿಸುತ್ತದೆ. ಸೂಪರ್‌ಮ್ಯಾನ್ ಅಡ್ಡ ನಿಲ್ಲುತ್ತಾನೆ. ಆ ಕೂಟದ ಮಾದರಿ, ನಿಜವಾಗಿಯೂ ಇದ್ದ ಕು ಕ್ಲುಕ್ಸ್ ಕ್ಲಾನ್. ನೆರೆಗೆ ಬಂದವರು ಪರಕೀಯರಲ್ಲ ಎಂಬ ಮಾತನ್ನು ಉಪದೇಶವಿಲ್ಲದೆ, ಕಥೆಯಾಗಿ ಮಕ್ಕಳ ಕಿವಿಗೆ ಹಾಕಿದರು. ಗುಂಡಿಗೂ ಬಗ್ಗದ ಮೈಗಿಂತ ಇದು ಹೆಚ್ಚಿನ ಶಕ್ತಿಯಲ್ಲವೇ?

ಇನ್ನು ಆ ಗೆಳೆಯರ ಪಾಡು ಕೇಳಿ. ನಾಯಕನ ಹಕ್ಕನ್ನು ಅವರು ಮಾರಿದ್ದು ಕೇವಲ 130 ಡಾಲರಿಗೆ. ಮುಂದೆ ಕೋಟಿಗಟ್ಟಲೆ ಹಣ ಹರಿಯಿತು, ಇವರ ಕೈಗಲ್ಲ. 1947ರಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತಿದರೂ ಹಕ್ಕು ಮರಳಲಿಲ್ಲ. ಪುಟದಿಂದ ಹೆಸರೂ ಅಳಿಯಿತು. ವೃದ್ಧಾಪ್ಯದ ಹೊಸ್ತಿಲಲ್ಲಿ ಸೀಗಲ್ ಪತ್ರಿಕೆಗಳ ಮುಂದೆ ಅಳಲು ತೋಡಿಕೊಂಡರು. ಸಹ ಕಲಾವಿದರು ಬೆನ್ನಿಗೆ ನಿಂತರು. 1975ರಲ್ಲಿ ಕಂಪನಿ ಮಣಿದು ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಗೊತ್ತುಮಾಡಿತು, ಹೆಸರನ್ನೂ ಮರಳಿಸಿತು. ಶೂಸ್ಟರ್ 1992ರಲ್ಲಿ, ಸೀಗಲ್ 1996ರಲ್ಲಿ ತೀರಿಕೊಂಡರು.

ಮಕ್ಕಳ ಕೈಯಲ್ಲಿ ಸೂಪರ್‌ಮ್ಯಾನ್ ಪುಸ್ತಕ ಕಂಡರೆ, ಚಿತ್ರ ನೋಡುವ ಮುನ್ನ ಆ ಎರಡು ಹೆಸರುಗಳನ್ನು ಓದಿಸಿ.