ಕನ್ನಡದ ಹೆಸರಿಗೆ ಉದ್ದ ಎಷ್ಟು? ತಂತ್ರಾಂಶ ಬರೆಯುವವರಿಗೆ ಕೆಲವು ಟಿಪ್ಪಣಿಗಳು

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ? ಶಾಲೆಯ ಮಕ್ಕಳು ಮೂರು ಎನ್ನುತ್ತಾರೆ. ಯೂನಿಕೋಡ್ ಲೆಕ್ಕದಲ್ಲಿ ಅದು ಐದು ಸಂಕೇತ. ಕಡತದಲ್ಲಿ ಹಿಡಿಯುವ ಜಾಗ 15 ಬೈಟ್. ಮೂರು ಉತ್ತರಗಳೂ ಸರಿಯೇ. ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಬಳಸಿದ ತಂತ್ರಾಂಶದಲ್ಲಿ ನಾಗರಿಕರ ಹೆಸರು ಅರ್ಧಕ್ಕೇ ತುಂಡಾಗುತ್ತದೆ, ಇಲ್ಲವೇ ಹುಡುಕಿದರೂ ಸಿಗುವುದಿಲ್ಲ.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾಗಿರುವುದು ದಶಮಾನದಲ್ಲಿ 3200ರಿಂದ 3327ರವರೆಗಿನ 128 ಸ್ಥಾನಗಳು. ಒತ್ತಕ್ಷರಗಳಿಗೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಹೀಗಾಗಿ ‘ನ್ನ’ ಎಂಬುದು ನ, ಹಲಂತ, ನ ಎಂದು ಮೂರಾಗಿ ಉಳಿಯುತ್ತದೆ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೇಕು.

ಪಿಎಚ್‌ಪಿಯ ‘ಸ್ಟ್ರ್‌ಲೆನ್’ 15 ಎನ್ನುತ್ತದೆ, ‘ಎಂಬಿ ಸ್ಟ್ರ್‌ಲೆನ್’ 5 ಎನ್ನುತ್ತದೆ. ಪೈಥಾನ್ 3ರ ‘ಲೆನ್’ ಉತ್ತರವೂ 5. ಲಿನಕ್ಸ್‌ನ ‘ಡಬ್ಲ್ಯೂಸಿ’ ಆದೇಶಕ್ಕೆ ‘ಸಿ’ ಆಯ್ಕೆ ಕೊಟ್ಟರೆ ಬೈಟ್, ‘ಎಂ’ ಕೊಟ್ಟರೆ ಸಂಕೇತಗಳ ಎಣಿಕೆ ಬರುತ್ತದೆ. (‘ಎಕೋ’ ಮೂಲಕ ಪದ ಕಳುಹಿಸಿದವರಿಗೆ 16 ಎಂದು ಕಂಡರೆ ಗಾಬರಿ ಬೇಡ, ಹೆಚ್ಚಿನದು ಸಾಲು ಮುಗಿಸುವ ಚಿಹ್ನೆ.) ಮಕ್ಕಳು ಹೇಳುವ ಮೂರು ಬೇಕಿದ್ದರೆ, ಹಲಂತದ ಹಿಂದುಮುಂದಿನ ವ್ಯಂಜನಗಳನ್ನು ಒಂದೇ ಅಕ್ಷರವೆಂದು ಎಣಿಸುವ ನಿಯಮವನ್ನು ನಾವೇ ಬರೆಯುವುದು ಲೇಸು.

‘ವೆಂಕಟೇಶಮೂರ್ತಿ’ ಎಂಬ ಹೆಸರನ್ನು ತೆಗೆದುಕೊಳ್ಳಿ. ಅದು 13 ಸಂಕೇತ, 39 ಬೈಟ್. ಇಂಗ್ಲಿಷಿಗೆಂದು 30 ಬೈಟ್ ಅಳತೆ ಇಟ್ಟುಕೊಂಡ ತಂತ್ರಾಂಶ ಅದನ್ನು ಕತ್ತರಿಸಿದರೆ ‘ವೆಂಕಟೇಶಮೂರ’ ಉಳಿಯುತ್ತದೆ. ಅಳತೆ 31 ಆಗಿದ್ದರೆ ಇನ್ನೂ ಕೆಟ್ಟದ್ದು: ಸಂಕೇತವೇ ಒಡೆದು ಕೊನೆಯಲ್ಲಿ ಪ್ರಶ್ನಾರ್ಥಕದ ಗುರುತು ಮೂಡಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ‘ವಾರ್‌ಚಾರ್’ ಅಳತೆ 4.1ನೇ ಆವೃತ್ತಿಯಿಂದ ಸಂಕೇತಗಳ ಲೆಕ್ಕದಲ್ಲಿದೆ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಅದು ಬೈಟ್ ಲೆಕ್ಕ. ಅಳತೆಯ ಮುಂದೆ ‘ಚಾರ್’ ಎಂದು ನಮೂದಿಸಬೇಕು.

ಹುಡುಕಾಟದ ತೊಡಕು ಕಣ್ಣಿಗೆ ಕಾಣದ್ದು. ‘ರಾಜ್‌ಕುಮಾರ್’ ಎಂದು ಬಿಡಿಸಿ ಬರೆಯಲು ಹಲಂತದ ನಂತರ 8204ನೇ ಸಂಕೇತವನ್ನು ಸೇರಿಸಲಾಗುತ್ತದೆ, ಅದಕ್ಕೆ ರೂಪವಿಲ್ಲ. ಒಬ್ಬ ಸಿಬ್ಬಂದಿ ಅದನ್ನು ಸೇರಿಸಿ, ಇನ್ನೊಬ್ಬರು ‘ರಾಜ್ಕುಮಾರ್’ ಎಂದು ಬೆರಳಚ್ಚಿಸಿದರೆ ಗಣಕಕ್ಕೆ ಅವರಿಬ್ಬರೂ ಬೇರೆ ವ್ಯಕ್ತಿಗಳು. ‘ರ‍್ಯಾಂಕ್’ ಬರೆಯಲು ಬಳಸುವ 8205 ಕೂಡ ಇದೇ ಜಾತಿಯದು. ಮೂಲ ಹೆಸರನ್ನು ಇದ್ದಂತೆಯೇ ಇಟ್ಟು, ಹುಡುಕಾಟಕ್ಕೆಂದೇ ಈ ಎರಡನ್ನೂ ತೆಗೆದುಹಾಕಿದ ಇನ್ನೊಂದು ಪ್ರತಿಯನ್ನು ಇರಿಸಿಕೊಳ್ಳುವುದು ಒಳ್ಳೆಯದು. ಮೂಲದಿಂದಲೇ ತೆಗೆದರೆ ಮುದ್ರಣದಲ್ಲಿ ಹೆಸರು ಕೆಡುತ್ತದೆ.

‘ಕೋ’ ಎಂಬುದನ್ನೂ ಎರಡು ಸಂಕೇತಗಳಲ್ಲಿ ಅಥವಾ ನಾಲ್ಕರಲ್ಲಿ ಬರೆಯಬಹುದು, ನೋಟ ಒಂದೇ. ಇದನ್ನು ‘ಎನ್‌ಎಫ್‌ಸಿ’ ಎಂಬ ಯೂನಿಕೋಡ್ ಏಕರೂಪತೆಯ ವಿಧಾನ ಸರಿಪಡಿಸುತ್ತದೆ. 8204 ಮತ್ತು 8205ನ್ನು ಮಾತ್ರ ಅದು ಮುಟ್ಟುವುದಿಲ್ಲ.

ಅಂಕಿಗಳಲ್ಲಿಯೂ ಎಚ್ಚರ ಅಗತ್ಯ. ಪಿನ್‌ಕೋಡ್ ಅನ್ನು ‘೫೬೦೦೦೧’ ಎಂದು ತುಂಬಿದರೆ ಪೈಥಾನ್‌ನ ‘ಇಂಟ್’ ಅದನ್ನು 560001 ಎಂದು ಒಪ್ಪಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್‌ನ ‘ನಂಬರ್’ ಸಂಖ್ಯೆಯೇ ಅಲ್ಲವೆಂದು ತಿರಸ್ಕರಿಸುತ್ತದೆ.